ಯಾವ ಅಲ್ಗಾರಿದಮ್ ವೇಗ? ಅಳೆದು ನೋಡುವವರಿಗೆ ಸಿಎಸ್‌ಇಎಸ್ ಪ್ರಾಬ್ಲಮ್ ಸೆಟ್

ಕಾಂಪಿಟಿಟಿವ್ ಪ್ರೋಗ್ರಾಮಿಂಗ್ (ಸಮಯದ ಮಿತಿಯೊಳಗೆ ಓಡುವ ಕೋಡ್ ಬರೆಯುವ ಸ್ಪರ್ಧೆ) ಕಲಿಯುವವರಿಗೆ ಸೈಟ್‌ಗಳಿಗೇನೂ ಬರವಿಲ್ಲ. ಆದರೆ ಒಂದೇ ಪ್ರಾಬ್ಲಮ್‌ಗೆ ಎರಡು ರೀತಿ ಕೋಡ್ ಬರೆದು, ಯಾವುದು ಎಷ್ಟು ವೇಗ, ಯಾಕೆ ವೇಗ ಎಂದು ಕೈಯಾರೆ ಅಳೆದು ನೋಡಬೇಕು ಅನ್ನುವವರಿಗೆ ನಾವು ಮೊದಲು ಹೇಳುವ ಹೆಸರು ಸಿಎಸ್‌ಇಎಸ್ ಪ್ರಾಬ್ಲಮ್ ಸೆಟ್. ಫಿನ್ಲೆಂಡಿನ ಆಂಟಿ ಲಾಕ್ಸೊನೆನ್ ನಡೆಸುತ್ತಿರುವ ಈ ತಾಣ ಪೂರ್ತಿ ಉಚಿತ. ರೇಟಿಂಗ್ ಇಲ್ಲ, ಜಾಹೀರಾತಿಲ್ಲ, ಬ್ಯಾಡ್ಜ್ ಕೊಟ್ಟು ಹುರಿದುಂಬಿಸುವ ಗೊಡವೆಯೂ ಇಲ್ಲ. ಪ್ರಾಬ್ಲಮ್‌ಗಳು ಸಾರ್ಟಿಂಗ್, ಡಿಪಿ (ಡೈನಾಮಿಕ್ ಪ್ರೋಗ್ರಾಮಿಂಗ್, ಚಿಕ್ಕ ಭಾಗಗಳ ಉತ್ತರ ಉಳಿಸಿಟ್ಟು ದೊಡ್ಡದನ್ನು ಕಟ್ಟುವ ವಿಧಾನ), ಗ್ರಾಫ್, ರೇಂಜ್ ಕ್ವೆರಿ, ಟ್ರೀ, ಸ್ಟ್ರಿಂಗ್ ಹೀಗೆ ವಿಭಾಗಗಳಾಗಿ ಕೂತಿವೆ. ಬಹುಪಾಲಿಗೆ ಮಿತಿ 1 ಸೆಕೆಂಡ್, 512 ಎಂಬಿ ಮೆಮೊರಿ.

ಇದರ ಬಲ ಇರುವುದು ಫಲಿತಾಂಶದ ಪುಟದಲ್ಲಿ. ಸಬ್ಮಿಟ್ ಮಾಡಿದ ಕೋಡನ್ನು ಎಲ್ಲ ಟೆಸ್ಟ್‌ಗಳ ಮೇಲೂ ಓಡಿಸಿ, ಒಂದೊಂದು ಟೆಸ್ಟ್‌ಗೂ ತಗುಲಿದ ಸಮಯವನ್ನು ಪಟ್ಟಿ ಮಾಡಿ ಕೊಡುತ್ತದೆ. ಮೊದಲ ತಪ್ಪಿಗೇ ನಿಂತುಬಿಡುವುದಿಲ್ಲ. ಟೆಸ್ಟ್‌ನ ಇನ್‌ಪುಟ್ಟನ್ನೂ ತೆರೆದು ನೋಡಬಹುದು. ಕೋಡ್‌ಫೋರ್ಸಸ್‌ನಲ್ಲಿ ದೊಡ್ಡ ಇನ್‌ಪುಟ್ ಅರ್ಧಕ್ಕೇ ಚುಕ್ಕಿ ಚುಕ್ಕಿಯಾಗಿ ನಿಲ್ಲುತ್ತದೆ. ಲೀಟ್‌ಕೋಡ್‌ನಲ್ಲಿ ಇಷ್ಟು ಶೇಕಡಾ ಜನರಿಗಿಂತ ಮುಂದೆ ಎಂಬ ಅಂಕಿ ಬರುತ್ತದೆ, ಅದೇ ಕೋಡನ್ನು ಮತ್ತೆ ಕಳಿಸಿದರೆ ಅಂಕಿ ಬದಲಾಗುತ್ತದೆ. ಅಲ್ಗಾರಿದಮ್ ಹೋಲಿಕೆಗೆ ಅಂಥ ಅಂಕಿಯಿಂದ ಏನೂ ತಿಳಿಯದು.

ಇನ್‌ಪುಟ್ ಗಾತ್ರದ ವಿಷಯ ಇನ್ನೂ ಮುಖ್ಯ. ವಿಟಿಯು ಅಲ್ಗಾರಿದಮ್ ಲ್ಯಾಬ್ ಮಾಡಿದವರಿಗೆ 5000ಕ್ಕಿಂತ ಹೆಚ್ಚು ಸಂಖ್ಯೆಗಳನ್ನು ಸಾರ್ಟ್ ಮಾಡಿ ಗ್ರಾಫ್ ಎಳೆಯುವ ಪ್ರೋಗ್ರಾಂ ನೆನಪಿರಬಹುದು. ಇಂದಿನ ಕಂಪ್ಯೂಟರಿನಲ್ಲಿ 5000 ಸಂಖ್ಯೆಗಳ ಸಾರ್ಟಿಂಗ್ ಮಿಲಿಸೆಕೆಂಡ್ ಲೆಕ್ಕದಲ್ಲೇ ಮುಗಿದುಹೋಗುತ್ತದೆ, ಗ್ರಾಫಿನಲ್ಲಿ ಕಾಣುವುದು ಬರೀ ಗದ್ದಲ. ಸಿಎಸ್‌ಇಎಸ್‌ನಲ್ಲಿ ಸಾಮಾನ್ಯವಾಗಿ ಎನ್ ಬೆಲೆ, ಅಂದರೆ ಇನ್‌ಪುಟ್‌ನ ಗಾತ್ರ, 2 ಲಕ್ಷದವರೆಗೆ ಇರುತ್ತದೆ. ಎನ್ ಸ್ಕ್ವೇರ್ ಅಂದರೆ 4000 ಕೋಟಿ ಹೆಜ್ಜೆ. ಎನ್ ಲಾಗ್ ಎನ್ ಅಂದರೆ ಸುಮಾರು 35 ಲಕ್ಷ. ಸಿ ಪ್ಲಸ್ ಪ್ಲಸ್‌ನಲ್ಲಿ ಸೆಕೆಂಡಿಗೆ 10 ಕೋಟಿ ಸರಳ ಹೆಜ್ಜೆ ಎಂಬ ಅಂದಾಜು ಇಟ್ಟುಕೊಂಡರೆ, ಕೋಡ್ ಬರೆಯುವ ಮೊದಲೇ ಫಲಿತಾಂಶ ಗೊತ್ತಾಗುತ್ತದೆ. ಇನ್‌ಕ್ರೀಸಿಂಗ್ ಸಬ್‌ಸೀಕ್ವೆನ್ಸ್ ಪ್ರಾಬ್ಲಮ್‌ನಲ್ಲಿ (ಏರುತ್ತಾ ಹೋಗುವ ಅತಿ ಉದ್ದದ ಉಪಸಾಲು ಹುಡುಕುವುದು) ಎರಡು ಲೂಪಿನ ಡಿಪಿ ಹಾಕಿದವರು ಟಿಎಲ್‌ಇ (ಟೈಮ್ ಲಿಮಿಟ್ ಎಕ್ಸೀಡೆಡ್, ಸಮಯ ಮೀರಿತು ಎಂಬ ತೀರ್ಪು) ತಿನ್ನುವುದು ಇದೇ ಲೆಕ್ಕಕ್ಕೆ. ಬೈನರಿ ಸರ್ಚ್ ಹಾಕಿದರೆ ನಿರಾಯಾಸ.

ಎನ್ ಸ್ಕ್ವೇರ್, ಎನ್ ಲಾಗ್ ಎನ್ ಎಂದು ಹೆಜ್ಜೆ ಎಣಿಸುವ ಈ ಬಿಗ್ ಓ ಲೆಕ್ಕ ಒಂದನ್ನೇ ನಂಬಿದವರು ಎಡವುವ ಜಾಗಗಳೂ ಇಲ್ಲಿ ಬೇಕಾದಷ್ಟಿವೆ. ಡಿಸ್ಟಿಂಕ್ಟ್ ನಂಬರ್ಸ್ ನೋಡಿ. 2 ಲಕ್ಷ ಸಂಖ್ಯೆಗಳಲ್ಲಿ ಬೇರೆಬೇರೆಯವು ಎಷ್ಟು ಎಂದು ಎಣಿಸಬೇಕು, ಅಷ್ಟೆ. ಪುಸ್ತಕದ ಲೆಕ್ಕದಲ್ಲಿ ಹ್ಯಾಶಿಂಗ್ (ಸಂಖ್ಯೆಯಿಂದಲೇ ಅದನ್ನಿಡುವ ಬಕೆಟ್, ಅಂದರೆ ಖಾನೆ, ಯಾವುದೆಂದು ಲೆಕ್ಕಹಾಕುವುದು) ಅತಿ ವೇಗ, ಆದ್ದರಿಂದ ಎಲ್ಲರ ಕೈ ಸಿ ಪ್ಲಸ್ ಪ್ಲಸ್‌ನ ಹ್ಯಾಶ್ ಸೆಟ್ ಆದ ಅನ್‌ಆರ್ಡರ್ಡ್ ಸೆಟ್ ಕಡೆ ಹೋಗುತ್ತದೆ, ಅದೇ ಟಿಎಲ್‌ಇ ಆಗುತ್ತದೆ. ಕಾರಣ ಇದು: ಜಿಸಿಸಿ ಕಂಪೈಲರ್ ಪೂರ್ಣಾಂಕವನ್ನು ಹಾಗೆಯೇ ಹ್ಯಾಶ್ ಆಗಿ ತೆಗೆದುಕೊಂಡು ಬಕೆಟ್‌ಗಳ ಸಂಖ್ಯೆಯಿಂದ ಭಾಗಿಸಿ ಶೇಷ ನೋಡುತ್ತದೆ. ಆ ಬಕೆಟ್ ಸಂಖ್ಯೆಗಳು ಮೊದಲೇ ಗೊತ್ತಿರುವ ಅವಿಭಾಜ್ಯಗಳು, ಉದಾಹರಣೆಗೆ 107897, 126271. ಅವುಗಳ ಗುಣಕಗಳನ್ನೇ ಇನ್‌ಪುಟ್‌ಗೆ ತುಂಬಿದರೆ ಎಲ್ಲವೂ ಒಂದೇ ಬಕೆಟ್ಟಿಗೆ ಬಿದ್ದು, ಪ್ರತಿ ಹುಡುಕಾಟವೂ ಉದ್ದನೆಯ ಸರಪಳಿಯ ಮೇಲಿನ ನಡಿಗೆಯಾಗುತ್ತದೆ. ಮೂರು ಕೋಡ್ ಬರೆದು ಕಳಿಸಿ: ಅನ್‌ಆರ್ಡರ್ಡ್ ಸೆಟ್, ಮಾಮೂಲಿ ಸೆಟ್, ವೆಕ್ಟರ್ ಹಾಕಿ ಸಾರ್ಟ್. ಸೆಟ್ ಮತ್ತು ಸಾರ್ಟ್ ಎರಡೂ ಎನ್ ಲಾಗ್ ಎನ್. ಆದರೂ ಸಾರ್ಟ್ ಮುಂದಿರುತ್ತದೆ. ಸೆಟ್‌ನ ಒಂದೊಂದು ನೋಡ್ (ಒಂದು ಅಂಶವನ್ನಿಟ್ಟ ತುಣುಕು) ಕೂಡ ಮೆಮೊರಿಯ ಒಂದೊಂದು ಮೂಲೆಯಲ್ಲಿರುತ್ತದೆ, ವೆಕ್ಟರ್ ಸಾಲಾಗಿ ಒಂದೇ ಕಡೆ ಇರುತ್ತದೆ. ಹ್ಯಾಶ್ ಬೇಕೇ ಬೇಕು ಅನ್ನುವವರು ಗಡಿಯಾರದ ಸಮಯದಿಂದ ರ್‍ಯಾಂಡಮ್ ಬೀಜ ತೆಗೆದು ಸ್ವಂತ ಹ್ಯಾಶ್ ಫಂಕ್ಷನ್ ಕೊಡಬೇಕು. ಇಡೀ ಸೆಟ್‌ನಲ್ಲಿ ಇಷ್ಟು ಚಿಕ್ಕ ಪ್ರಾಬ್ಲಮ್‌ನಿಂದ ಇಷ್ಟು ಕಲಿಯುವುದು ಇನ್ನೊಂದಿಲ್ಲ.

ಕಾಯಿನ್ ಕಾಂಬಿನೇಷನ್ಸ್ ಭಾಗ ಎರಡು ಇದಕ್ಕಿಂತ ಬಿಗಿ. ಕೊಟ್ಟ ಮೊತ್ತವನ್ನು ನಾಣ್ಯಗಳಿಂದ, ಕ್ರಮ ಲೆಕ್ಕಿಸದೆ, ಎಷ್ಟು ದಾರಿಯಲ್ಲಿ ಮಾಡಬಹುದು ಎಂದು ಎಣಿಸಬೇಕು. ನಾಣ್ಯ 100 ಬಗೆ, ಮೊತ್ತ 10 ಲಕ್ಷದವರೆಗೆ. ಅಂದರೆ ಸರಿಯಾದ ಅಲ್ಗಾರಿದಮ್‌ಗೇ 10 ಕೋಟಿ ಹೆಜ್ಜೆ, ಮಿತಿ 1 ಸೆಕೆಂಡ್. ಇಲ್ಲಿ ಅಲ್ಗಾರಿದಮ್ ಸರಿಯಿದ್ದರೂ ಬರೆದ ರೀತಿ ಸರಿಯಿಲ್ಲದಿದ್ದರೆ ಸೋಲು. ಎರಡು ಆಯಾಮದ ಇಂಟ್ ಅರೇ 400 ಎಂಬಿ ಆಗುತ್ತದೆ. ಮಿತಿಯೊಳಗೇ ಇದೆ, ಆದರೆ ಅಷ್ಟು ಜಾಗ ಮುಟ್ಟಿ ತುಂಬುವುದಕ್ಕೇ ಸಮಯ ಹೋಗುತ್ತದೆ. ಲಾಂಗ್ ಲಾಂಗ್ ಹಾಕಿದರೆ 800 ಎಂಬಿ, ಮೆಮೊರಿಯೇ ಸಾಲದು. ನಾಣ್ಯಕ್ಕೊಂದು ಸಾಲು ಎಂದು ಅರೇ ಇಟ್ಟು, ಒಳಗಿನ ಲೂಪನ್ನೂ ನಾಣ್ಯಗಳ ಮೇಲೆ ಓಡಿಸಿದರೆ ಪ್ರತಿ ಹೆಜ್ಜೆಗೂ 40 ಲಕ್ಷ ಬೈಟ್ ಆಚೆಗೆ ಜಿಗಿತ, ಕ್ಯಾಶ್ ಮಿಸ್ (ಬೇಕಾದ ದತ್ತಾಂಶ ಪ್ರೊಸೆಸರಿನ ಹತ್ತಿರದ ವೇಗದ ಮೆಮೊರಿಯಲ್ಲಿ ಸಿಗದಿರುವುದು) ಹೆಚ್ಚುತ್ತದೆ. ಮಾಡಬೇಕಾದ್ದು: ಒಂದೇ ಆಯಾಮದ ಅರೇ, ಹೊರಗಿನ ಲೂಪ್ ನಾಣ್ಯ, ಒಳಗಿನ ಲೂಪ್ ಮೊತ್ತ; ಮಾಡ್ಯುಲೊಗೆ (ಉತ್ತರವನ್ನು ಯಾವ ಸಂಖ್ಯೆಯಿಂದ ಭಾಗಿಸಿದ ಶೇಷವಾಗಿ ಕೇಳುತ್ತಾರೋ ಅದಕ್ಕೆ) ಶೇಷದ ಚಿಹ್ನೆ ಬಳಸದೆ, ಎಣಿಕೆ ಆ ಸಂಖ್ಯೆಯನ್ನು ಮುಟ್ಟಿದರೆ ಅಥವಾ ದಾಟಿದರೆ ಅದನ್ನು ಒಮ್ಮೆ ಕಳೆಯುವುದು. ಲೂಪ್‌ಗಳನ್ನು ಅದಲು ಬದಲು ಮಾಡಿದರೆ ಉತ್ತರವೇ ಬದಲಾಗುತ್ತದೆ ಎಂಬುದೂ ನೆನಪಿರಲಿ. 2, 3, 5ರ ನಾಣ್ಯಗಳಿಂದ 9 ಮಾಡಲು ಕ್ರಮ ಲೆಕ್ಕಕ್ಕಿದ್ದರೆ 8 ದಾರಿ, ಇಲ್ಲದಿದ್ದರೆ 3.

ಹ್ಯಾಮಿಲ್ಟೋನಿಯನ್ ಫ್ಲೈಟ್ಸ್ ಕೂಡ ಇದೇ ಜಾತಿ. ಮೊದಲ ಊರಿನಿಂದ ಕೊನೆಯ ಊರಿಗೆ ಪ್ರತಿ ಊರನ್ನೂ ಒಮ್ಮೆ ಮಾತ್ರ ಮುಟ್ಟಿ ಹೋಗುವ ದಾರಿಗಳೆಷ್ಟು ಎಂದು ಎಣಿಸಬೇಕು. 20 ಊರು, ಬಿಟ್‌ಮಾಸ್ಕ್ ಡಿಪಿ (ಮುಟ್ಟಿದ ಊರುಗಳ ಗುಂಪನ್ನು ಮಾಸ್ಕ್ ಎಂಬ ಒಂದು ಸಂಖ್ಯೆಯ ಬಿಟ್‌ಗಳಲ್ಲಿ ಗುರುತಿಡುವುದು), ಕಣ್ಣು ಮುಚ್ಚಿ ಬರೆದರೆ 40 ಕೋಟಿ ಹೆಜ್ಜೆ. ಮೊದಲ ಊರು ಇಲ್ಲದ ಮಾಸ್ಕ್‌ಗಳನ್ನೂ, ಕೊನೆಯ ಊರು ಮೊದಲೇ ಸೇರಿಬಿಟ್ಟ ಮಾಸ್ಕ್‌ಗಳನ್ನೂ ಬಿಟ್ಟರೆ ಕೆಲಸ ಕಾಲು ಭಾಗಕ್ಕೆ ಇಳಿಯುತ್ತದೆ. ಎರಡು ಊರುಗಳ ನಡುವೆ ಹಲವು ವಿಮಾನಗಳಿರಬಹುದು, ಅವನ್ನು ಒಂದೊಂದಾಗಿ ಸುತ್ತದೆ ಎಣಿಕೆಯನ್ನು ಒಂದು ಕೋಷ್ಟಕದಲ್ಲಿಟ್ಟು ಗುಣಿಸಿ.

ಹಾಗೆಂದು ಎಲ್ಲ ಹೋಲಿಕೆಗೂ ಈ ತಾಣ ಒಗ್ಗುವುದಿಲ್ಲ. ಸ್ಟ್ಯಾಟಿಕ್ ರೇಂಜ್ ಮಿನಿಮಮ್ ಕ್ವೆರೀಸ್‌ನಲ್ಲಿ (ಸಾಲಿನ ಒಂದು ಭಾಗದ ಅತಿ ಚಿಕ್ಕ ಸಂಖ್ಯೆ ಕೇಳುವ ಪ್ರಾಬ್ಲಮ್) ಸ್ಪಾರ್ಸ್ ಟೇಬಲ್ ಹಾಗೂ ಸೆಗ್ಮೆಂಟ್ ಟ್ರೀ ಎಂಬ ಎರಡು ರಚನೆಗಳನ್ನು ಹೋಲಿಸಲು ಹೊರಟವರಿಗೆ ನಿರಾಸೆ ಖಂಡಿತ. 2 ಲಕ್ಷ ಕ್ವೆರಿಗೆ ಸೆಗ್ಮೆಂಟ್ ಟ್ರೀ ಹೆಚ್ಚೆಂದರೆ 70 ಲಕ್ಷದಷ್ಟು ಹೆಜ್ಜೆ ಇಡುತ್ತದೆ. ಎರಡೂ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯುತ್ತವೆ. ಅಲ್ಲಿ ಕಾಣುವ ಸಮಯದಲ್ಲಿ ದೊಡ್ಡ ಪಾಲು ಇನ್‌ಪುಟ್ ಓದುವುದರದ್ದು. ಆದ್ದರಿಂದ ಏನನ್ನೇ ಅಳೆಯುವ ಮೊದಲೂ ಐಒ (ಇನ್‌ಪುಟ್ ಓದುವುದು, ಔಟ್‌ಪುಟ್ ಬರೆಯುವುದು) ಸರಿಮಾಡಿಕೊಳ್ಳಿ: ಸಿನ್ಕ್ ವಿತ್ ಎಸ್‌ಟಿಡಿಐಒ ಆಫ್ ಮಾಡಿ, ಸಿನ್ ಟೈ ಬಿಚ್ಚಿ, ಎಂಡ್‌ಎಲ್ ಬದಲು ಬ್ಯಾಕ್‌ಸ್ಲ್ಯಾಶ್ ಎನ್ ಬಳಸಿ. 2 ಲಕ್ಷ ಸಾಲಿಗೆ 2 ಲಕ್ಷ ಸಲ ಬಫರ್ ಫ್ಲಶ್ ಆಗುತ್ತಿದ್ದರೆ ನೀವು ಅಳೆಯುತ್ತಿರುವುದು ಅಲ್ಗಾರಿದಮನ್ನಲ್ಲ.

ನಮ್ಮ ದೊಡ್ಡ ತಕರಾರು ಒಂದೇ. ಟಿಎಲ್‌ಇ ಆದ ಟೆಸ್ಟ್‌ಗೆ ಸಮಯವೇ ಕಾಣುವುದಿಲ್ಲ. ಕೋಡ್ 1.1 ಸೆಕೆಂಡಿನಲ್ಲಿ ಮುಗಿಯುತ್ತಿತ್ತೋ 5 ನಿಮಿಷ ಹಿಡಿಯುತ್ತಿತ್ತೋ ಗೊತ್ತಾಗದು. ಮೊದಲನೆಯದಾದರೆ ಕೋಡ್ ತಿದ್ದಿದರೆ ಸಾಕು, ಎರಡನೆಯದಾದರೆ ಅಲ್ಗಾರಿದಮನ್ನೇ ಬಿಡಬೇಕು. ಇದಕ್ಕೆ ಉಪಾಯ ನಿಮ್ಮ ಕಂಪ್ಯೂಟರಿನಲ್ಲೇ ಇದೆ. ಓ2 ಆಪ್ಟಿಮೈಸೇಶನ್ ಹಾಕಿ ಕಂಪೈಲ್ ಮಾಡಿ, 25 ಸಾವಿರ, 50 ಸಾವಿರ, 1 ಲಕ್ಷ ಗಾತ್ರದ ಇನ್‌ಪುಟ್ ಕೊಟ್ಟು ಸಮಯ ಬರೆದುಕೊಳ್ಳಿ. ಗಾತ್ರ ದುಪ್ಪಟ್ಟಾದಾಗ ಸಮಯವೂ ದುಪ್ಪಟ್ಟಿನ ಆಸುಪಾಸಿನಲ್ಲಿದ್ದರೆ ಎನ್ ಅಥವಾ ಎನ್ ಲಾಗ್ ಎನ್, ನಾಲ್ಕು ಪಟ್ಟಾದರೆ ಎನ್ ಸ್ಕ್ವೇರ್. ಇನ್‌ಪುಟ್ ಬರೀ ರ್‍ಯಾಂಡಮ್ ಆಗಿರಬಾರದು: ಏರಿಕೆ ಕ್ರಮದ್ದು, ಇಳಿಕೆ ಕ್ರಮದ್ದು, ಎಲ್ಲವೂ ಒಂದೇ ಸಂಖ್ಯೆಯದ್ದು, ಇವೂ ಇರಲಿ. ಮೊದಲ ಅಂಶವನ್ನೇ ಪಿವಟ್ ಮಾಡಿದ ಕ್ವಿಕ್ ಸಾರ್ಟ್ ರ್‍ಯಾಂಡಮ್ ಇನ್‌ಪುಟ್‌ನಲ್ಲಿ ಚೆನ್ನಾಗಿ ಓಡಿ, ಏರಿಕೆ ಕ್ರಮದ 2 ಲಕ್ಷ ಸಂಖ್ಯೆ ಬಂದಾಗ ಕೂತುಬಿಡುತ್ತದೆ.

ಪೈಥಾನ್‌ನವರಿಗೆ ಸಿಪೈಥಾನ್ ಹಾಗೂ ಪೈಪೈ ಎರಡೂ ಇವೆ. ಲೂಪ್ ಹೆಚ್ಚಿರುವ ಕಡೆ ಪೈಪೈ ಆಯ್ದುಕೊಳ್ಳಿ. ಆದರೆ ಮಿತಿ ಎಲ್ಲ ಭಾಷೆಗೂ ಒಂದೇ. ಕಾಯಿನ್ ಕಾಂಬಿನೇಷನ್ಸ್ ಎರಡರ 10 ಕೋಟಿ ಹೆಜ್ಜೆಯನ್ನು ಸಿಪೈಥಾನ್ ಲೂಪಿನಲ್ಲಿ 1 ಸೆಕೆಂಡಿಗೆ ಮುಗಿಸುವ ಮಾತೇ ಇಲ್ಲ. ಕೌಂಟಿಂಗ್ ರೂಮ್ಸ್‌ನಲ್ಲಿ 10 ಲಕ್ಷ ಚೌಕಗಳಿರಬಹುದು, ಪೈಥಾನ್‌ನ ರಿಕರ್ಶನ್ ಮಿತಿ ಮೂಲತಃ 1000. ಅಲ್ಲಿ ರಿಕರ್ಶನ್‌ನ ಡಿಎಫ್‌ಎಸ್ (ಆಳಕ್ಕಿಳಿಯುತ್ತಾ ಹೋಗುವ ಹುಡುಕಾಟ) ಬಿಟ್ಟು ಕ್ಯೂ ಹಾಕಿ ಬಿಎಫ್‌ಎಸ್ (ಸುತ್ತಲೂ ಹಂತ ಹಂತವಾಗಿ ಹರಡುವ ಹುಡುಕಾಟ) ಬರೆಯಿರಿ.

ಎಡಿಟೋರಿಯಲ್ (ಪ್ರಾಬ್ಲಮ್ ಬಿಡಿಸುವ ಬಗೆಯ ವಿವರಣೆ) ಇಲ್ಲದಿರುವುದು ಹೊಸಬರಿಗೆ ಕಷ್ಟವೇ. ಲಾಕ್ಸೊನೆನ್ ಬರೆದ ಪುಸ್ತಕ ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತದೆ, ಅದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಪ್ರಾಬ್ಲಮ್ ಪಾಸಾದ ಮೇಲೆ ಬೇರೆಯವರ ಕೋಡ್ ತೆರೆಯಬಹುದು. ಆಗ ನಿಮ್ಮದಕ್ಕಿಂತ ಅರ್ಧ ಸಮಯದಲ್ಲಿ ಮುಗಿದ ಒಂದನ್ನು ಆರಿಸಿ, ವ್ಯತ್ಯಾಸ ಅಲ್ಗಾರಿದಮ್‌ನದ್ದೋ, ಮೆಮೊರಿಯದ್ದೋ, ಬರೀ ಇನ್‌ಪುಟ್ ಓದುವ ವೇಗದ್ದೋ ಎಂದು ಒಂದೊಂದೇ ಸಾಲು ಬದಲಿಸಿ ಮತ್ತೆ ಸಬ್ಮಿಟ್ ಮಾಡಿ ನೋಡಿ. 0.02 ಸೆಕೆಂಡಿನ ಹೆಚ್ಚುಕಮ್ಮಿಗೆ ತಲೆ ಕೆಡಿಸಿಕೊಳ್ಳಬೇಡಿ. ಅದೇ ಕೋಡ್ ಎರಡು ಸಲ ಓಡಿದರೂ ಅಷ್ಟು ಆಚೀಚೆ ಆಗುತ್ತದೆ.