ಹಿಪ್ ಹಾಪ್ ವಿಡಿಯೊಗೆ ಯಾವ ಸಿದ್ಧಾಂತ: ಬಾರ್ತ್, ಹಾಲ್, ಮಲ್ವಿ?

ಮಡಿಕೇರಿಯಲ್ಲಿ ಓದುವ ತಂಗಿ ಕೇಳಿದ್ದಳು: ಕಾಲೇಜು ಪ್ರಾಜೆಕ್ಟಿಗೆ ಹಿಪ್ ಹಾಪ್ ವಿಡಿಯೊ ವಿಶ್ಲೇಷಿಸಬೇಕು, ಯಾವ ಸಿದ್ಧಾಂತ ಹಿಡಿಯಲಿ?

ಕೈಯಲ್ಲಿ ನಾಲ್ಕೇ ದಿನ ಇದ್ದರೆ ಫ್ರೆಂಚ್ ಚಿಂತಕ ರೋಲಾಂ ಬಾರ್ತ್ ಅವರ ಚಿಹ್ನೆಗಳ ದಾರಿ ಸುಲಭ: ಕಾಣುವ ವಸ್ತುವಿನ ಹಿಂದಿನ ಅರ್ಥ ಹುಡುಕುವುದು. ಒಂದು ಫ್ರೇಮ್ ನಿಲ್ಲಿಸು. ಕೊರಳಲ್ಲಿ ದಪ್ಪ ಚಿನ್ನದ ಸರ. ಮೊದಲ ಅರ್ಥ, ಬರೀ ಒಡವೆ. ಎರಡನೆಯದು, 'ಬಡತನ ದಾಟಿ ಬಂದೆ'. ಕೊಡವ ಮದುವೆಯಲ್ಲಿ ಚೇಲೆಗೆ (ಸೊಂಟದ ಪಟ್ಟಿಗೆ) ಸಿಕ್ಕಿಸಿದ ಪೀಚೆಕತ್ತಿ ಎಂಬ ಬಾಕು ಕಂಡರೆ ನಾವು ಸುಮ್ನೆ ಕತ್ತಿ ಅಂತೀವಾ? ಇಲ್ಲ ಅಲ್ವಾ, ಹಾಗೇ ಇದು. ಒಂದು ತೊಂದರೆ: ನಿನ್ನ ಊಹೆಯೇ ಅರ್ಥ ಅಂತ ಅನ್ನಿಸಿಬಿಡುತ್ತದೆ.

ಸಂಸ್ಕೃತಿ ಅಧ್ಯಯನದ ವಿದ್ವಾಂಸ ಸ್ಟುವರ್ಟ್ ಹಾಲ್ 1973ರಲ್ಲಿ ಹೇಳಿದ್ದು ಬೇರೆ. ನೋಡುವವರು ವಿಡಿಯೊದ ಮಾತನ್ನು ಒಪ್ಪಬಹುದು, ಅರ್ಧ ಒಪ್ಪಬಹುದು, ತಳ್ಳಿಹಾಕಬಹುದು. ಇದಕ್ಕೆ ಜನರನ್ನು ಮಾತಾಡಿಸಬೇಕು, ಕೆಲಸ ಜಾಸ್ತಿ. ಆದರೆ ಹಾಸ್ಟೆಲ್ ಗೆಳತಿಯರೂ ತೋಟದ ಮನೆಯ ತಾತನೂ ಒಂದೇ ವಿಡಿಯೊ ನೋಡಿ ಜಗಳ ಆಡಿದರೆ ಅರ್ಧ ಪ್ರಾಜೆಕ್ಟ್ ಮುಗಿದಂತೆ. ತಿಂಗಳು ಸಮಯವಿದ್ದರೆ ನಾನು ಇದನ್ನೇ ಹಿಡಿಯುತ್ತಿದ್ದೆ.

ಕಾರಿನ ಸುತ್ತ ಹುಡುಗಿಯರು ಕುಣಿಯುವ ವಿಡಿಯೊ ಆದರೆ ಸಿನಿಮಾ ಚಿಂತಕಿ ಲಾರಾ ಮಲ್ವಿಯವರ 1975ರ 'ಪುರುಷ ನೋಟ' ನೋಡು, ಅಂದರೆ ಹೆಣ್ಣನ್ನು ಗಂಡಿನ ಕಣ್ಣಿಂದ, ನೋಡುವ ವಸ್ತುವಾಗಿ ತೋರಿಸುವುದು. ಕ್ಯಾಮೆರಾ ಯಾರ ಮುಖ ತೋರಿಸುತ್ತದೆ, ಯಾರ ಸೊಂಟ ಮಾತ್ರ? ಶಾಟ್ ಎಣಿಸು. ಆದರೆ ಅದು ಹಾಲಿವುಡ್ ಸಿನಿಮಾದ ಮೇಲೆ ಬರೆದದ್ದು. ಹಾಡಿನ ತಿರುಳು ಜನಾಂಗ, ಬಡತನ ಆದರೆ ಇದೊಂದೇ ಸಾಲದು.