ಬ್ಲ್ಯಾಕ್ ಮಿಥ್ ವುಕಾಂಗ್ ಬೆಂಚ್‌ಮಾರ್ಕ್: ದುಡ್ಡು ಕೊಡುವ ಮೊದಲು ಪಿಸಿಯನ್ನು ಓಡಿಸಿ ನೋಡಿ
ಬ್ಲ್ಯಾಕ್ ಮಿಥ್ ವುಕಾಂಗ್ ಎಂಬ ವಿಡಿಯೊ ಗೇಮ್ 2024ರ ಆಗಸ್ಟ್ 20ಕ್ಕೆ ಬಂತು. ಅದಕ್ಕೂ ಒಂದು ವಾರ ಮೊದಲೇ ಗೇಮ್ ಸೈನ್ಸ್ ಕಂಪನಿ ಆಟಗಳನ್ನು ಮಾರುವ ಸ್ಟೀಮ್ ತಾಣದಲ್ಲಿ ಬೆಂಚ್‌ಮಾರ್ಕ್ ಅನ್ನು, ಎಂದರೆ ಆಟ ನಿಮ್ಮ ಪಿಸಿಯಲ್ಲಿ ಎಷ್ಟು ಸರಾಗವಾಗಿ ಓಡುತ್ತದೆ ಎಂದು ಅಳೆಯುವ ಟೂಲನ್ನು, ಉಚಿತವಾಗಿ ಕೊಟ್ಟಿತು. ಆಟಕ್ಕೆ 130 ಜಿಬಿ ಜಾಗ ಬೇಕು. ಅಷ್ಟು ಇಳಿಸಿಕೊಂಡ ಮೇಲೆ ಪರದಾಡುವುದಕ್ಕಿಂತ ಇದನ್ನು ಓಡಿಸಿ ನೋಡುವುದು ಸಾವಿರ ಪಾಲು ಮೇಲು.

ಕನಿಷ್ಠ ಅಗತ್ಯದ ಪಟ್ಟಿ ಎಲ್ಲರಿಗೂ ಗೊತ್ತು: ಕೋರ್ ಐ5-8400 ಅಥವಾ ರೈಜೆನ್ 5 1600 ಪ್ರೊಸೆಸರ್, 16 ಜಿಬಿ ರ್‍ಯಾಮ್, 6 ಜಿಬಿಯ ಜಿಟಿಎಕ್ಸ್ 1060 ಅಥವಾ 8 ಜಿಬಿಯ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್. ಅದರ ಕೆಳಗಿನ ಸಾಲನ್ನು ಮಾತ್ರ ಬಹಳ ಜನ ಓದುವುದಿಲ್ಲ. ಈ ಪಟ್ಟಿಯನ್ನು ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್‌ನಂಥ ಅಪ್‌ಸ್ಕೇಲಿಂಗ್ (ಚಿಕ್ಕ ಚಿತ್ರ ಬಿಡಿಸಿ ದೊಡ್ಡದು ಮಾಡುವ ಉಪಾಯ) ಆನ್ ಇಟ್ಟೇ ಪರೀಕ್ಷಿಸಿದ್ದಾರೆ. ಹಾಗಾಗಿ ಬೆಂಚ್‌ಮಾರ್ಕ್ ತೆರೆದ ಕೂಡಲೇ ಅಪ್‌ಸ್ಕೇಲಿಂಗ್ ಮಟ್ಟವನ್ನು ಶೇಕಡಾದಲ್ಲಿ ತೋರಿಸುವ ಸೂಪರ್ ರೆಸಲ್ಯೂಶನ್ ಸ್ಲೈಡರ್ ಎಷ್ಟಿದೆ ನೋಡಿ. 1080ಪಿ ಪರದೆಯಲ್ಲಿ ಅದು 50ಕ್ಕಿದ್ದರೆ ಕಾರ್ಡ್ ಬಿಡಿಸುತ್ತಿರುವುದು ಬರೀ 960×540 ಚಿತ್ರ. ಮೊದಲು 100ಕ್ಕೆ ಇಟ್ಟು, ಫ್ರೇಮ್ ಜನರೇಶನ್ (ನಡುನಡುವೆ ಕೃತಕ ಫ್ರೇಮ್ ಸೇರಿಸುವುದು) ಮತ್ತು ರೇ ಟ್ರೇಸಿಂಗ್ (ಬೆಳಕಿನ ನೈಜ ಲೆಕ್ಕಾಚಾರ) ಆಫ್ ಮಾಡಿ ಓಡಿಸಿ. ಕಾರ್ಡಿನ ನಿಜವಾದ ಬಲ ಅದು. ಆಮೇಲೆ 75, 60 ಎಂದು ಇಳಿಸುತ್ತಾ ಬನ್ನಿ. ಫ್ರೇಮ್ ಜನರೇಶನ್‌ನಿಂದ ಸೆಕೆಂಡಿಗೆ 30 ಫ್ರೇಮ್ 60 ಆಗಿ ಕಂಡರೂ ಬಟನ್ ಒತ್ತಿದ್ದಕ್ಕೆ ಸಿಗುವ ಸ್ಪಂದನ 30ರದ್ದೇ. ಸರಿಯಾದ ಕ್ಷಣಕ್ಕೆ ತಪ್ಪಿಸಿಕೊಳ್ಳಲೇಬೇಕಾದ ಈ ಆಟದಲ್ಲಿ ಅದು ದೊಡ್ಡ ಕೊರತೆ.

ಮೊದಲ ಓಟದ ಅಂಕಿ ಬಿಟ್ಟುಬಿಡಿ, ಮೂರನೆಯದನ್ನು ಬರೆದಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ಬಿಸಿಯಾದ ಮೇಲೆ ವೇಗ ಎಷ್ಟು ಬೀಳುತ್ತದೆ ಎನ್ನುವುದು ಆಗಲೇ ಗೊತ್ತಾಗುವುದು. ಚಾರ್ಜರ್ ಹಾಕಿರಲೇಬೇಕು. ಸರಾಸರಿ ಅಂಕಿಗಿಂತ, ಅತಿ ನಿಧಾನದ ಶೇ. 5 ಫ್ರೇಮ್‌ಗಳ ಅಂಕಿ ಮುಖ್ಯ: ಸರಾಸರಿ 60 ಇದ್ದು ಇದು 35ಕ್ಕೆ ಬಿದ್ದರೆ ಆಟ ಜರ್ಕ್ ಹೊಡೆಯುತ್ತದೆ.

ಜರ್ಕ್ ಬಂದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟ ನೋಡಿ. ಡೆಡಿಕೇಟೆಡ್ ಜಿಪಿಯು ಮೆಮೊರಿ (ಗ್ರಾಫಿಕ್ಸ್ ಕಾರ್ಡಿನ ಸ್ವಂತ ಮೆಮೊರಿ) ತುಂಬಿದ್ದರೆ ಟೆಕ್ಸ್ಚರ್‌ಗಳು (ವಸ್ತುಗಳ ಮೇಲ್ಮೈ ಚಿತ್ರಗಳು) ನಿಧಾನದ ರ್‍ಯಾಮ್‌ಗೆ ಉಕ್ಕುತ್ತಿವೆ ಎಂದರ್ಥ. 4 ಜಿಬಿಯ ಜಿಟಿಎಕ್ಸ್ 1650 ಸೋಲುವುದು ಇಲ್ಲೇ, ಟೆಕ್ಸ್ಚರ್ ಲೋ ಮಾಡಿ. ಮೆಮೊರಿ ಪುಟದಲ್ಲಿ ಎರಡು ಸ್ಲಾಟ್ ಪೈಕಿ ಒಂದೇ ಬಳಕೆಯಲ್ಲಿದ್ದರೆ ಅದೇ ಅಳತೆ, ಅದೇ ವೇಗದ ಇನ್ನೊಂದು ರ್‍ಯಾಮ್ ಹಾಕಿಸುವುದು ಅಗ್ಗದ ಮದ್ದು.

ಶೇಡರ್ (ಬೆಳಕು, ಬಣ್ಣ ಬಿಡಿಸುವ ಪುಟ್ಟ ಪ್ರೋಗ್ರಾಂ) ಕಂಪೈಲ್ ಆಗುವಾಗಲೇ 'ಔಟ್ ಆಫ್ ವಿಡಿಯೊ ಮೆಮೊರಿ' ಎಂದು ನಿಂತುಹೋದರೆ ಕೂಡಲೇ ಗ್ರಾಫಿಕ್ಸ್ ಕಾರ್ಡನ್ನು ದೂರಬೇಡಿ. ಇಂಟೆಲ್‌ನ 13, 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ ಇದ್ದರೆ ಅದರ ವೋಲ್ಟೇಜ್ ದೋಷವೂ ಇದೇ ಸಂದೇಶ ತೋರಿಸಬಹುದು. ಇಂಟೆಲ್ 2024ರಲ್ಲಿ ತಿದ್ದುಪಡಿ ಕೊಟ್ಟಿದೆ, ಮದರ್‌ಬೋರ್ಡ್‌ನ ಬಯಾಸ್ (ಅದರ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ. ಆಗಲೇ ಹಾಳಾದ ಚಿಪ್ ಅದರಿಂದ ಸರಿಹೋಗದು, ವಾರಂಟಿಯಲ್ಲಿ ಬದಲಿಸಿಕೊಳ್ಳಬೇಕು.

ಈ ಟೂಲ್‌ನ ಕೊರತೆ ಒಂದೇ: ಕ್ಯಾಮೆರಾ ಕಾಡು, ನೀರಿನ ಮೇಲೆ ತೇಲುತ್ತದೆಯೇ ಹೊರತು ಕಾಳಗವಿಲ್ಲ. ಹಾಗಾಗಿ ಬಂದ ಅಂಕಿಯಲ್ಲಿ ಹತ್ತು ಫ್ರೇಮ್ ಕಳೆದೇ ಲೆಕ್ಕ ಹಾಕಿ. ಕೊಂಡ ಮೇಲೂ ಸಂಶಯವಿದ್ದರೆ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ ಸ್ಟೀಮ್ ಹಣ ಮರಳಿಸುತ್ತದೆ. ಆಟ ತೆರೆದು ಶೇಡರ್‌ಗಾಗಿ ಕಾಯುವ ಹೊತ್ತೂ ಆ ಎರಡು ಗಂಟೆಯೊಳಗೇ ಸೇರುತ್ತದೆ.