ಗದ್ದೆ ರೇಸಿನ ರೋಡ್‌ಕಿಂಗ್: ಕೊಡಗಿನ ಮಳೆಯಲ್ಲಿ ಒಂದು ಹಳೇ ಮೋಟೋಕ್ರಾಸ್ ಯೆಜ್ಡಿ ಸಾಕುವುದು

ಮೊದಲೇ ಹೇಳಿಬಿಡುತ್ತೇನೆ, ಇದು 2022ರಲ್ಲಿ ಬಂದ ಹೊಸ ಯೆಜ್ಡಿ ಸ್ಕ್ರ್ಯಾಂಬ್ಲರ್‌ನ ವಿಮರ್ಶೆ ಅಲ್ಲ. ಅದು ಶೋರೂಮ್ ಗಾಡಿ: 334 ಸಿಸಿ, ಫೋರ್ ಸ್ಟ್ರೋಕ್, ರೇಡಿಯೇಟರ್, ಎಬಿಎಸ್ ಎಲ್ಲ ಇದೆ. ನನ್ನದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಟೂ ಸ್ಟ್ರೋಕ್ ರೋಡ್‌ಕಿಂಗ್. ಎಂಬತ್ತರ ದಶಕದಲ್ಲಿ ಮೋಟೋಕ್ರಾಸಿಗೆಂದು, ಅಂದರೆ ಮಣ್ಣಿನ ಹಾದಿಯಲ್ಲಿ ಜಿಗಿಯುತ್ತ ಓಡುವ ರೇಸಿಗೆಂದು, ಅದರ ಮಡ್‌ಗಾರ್ಡ್ ಕತ್ತರಿಸಿ, ಸೈಲೆನ್ಸರ್ ಮೇಲಕ್ಕೆತ್ತಿ, ಭತ್ತ ಕೊಯ್ದ ಗದ್ದೆಗಳಲ್ಲಿ ಹಾರಿಸಿದ್ದಾರೆ. ನನ್ನ ಕೈಗೆ ಬಂದು ಎಂಟು ವರ್ಷದ ಮೇಲಾಯಿತು. ಅಮ್ಮತ್ತಿ ಹತ್ತಿರದ ನಮ್ಮ ಮನೆಯಲ್ಲಿ ಇದನ್ನು ಇಟ್ಟುಕೊಂಡು, ಓಡಿಸಿ, ಮಳೆಗಾಲ ದಾಟಿಸಿ ಕಂಡದ್ದನ್ನು ಬರೆಯುತ್ತಿದ್ದೇನೆ.

ರೋಡ್‌ಕಿಂಗ್ ಅಪರೂಪದ ಗಾಡಿಯೇನಲ್ಲ. 1978ರಲ್ಲಿ ಬಂದು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕುವತನಕ ಇತ್ತು. ಗೋಣಿಕೊಪ್ಪ ಸಂತೆಗೆ ಹೋದರೆ ಈಗಲೂ ಒಂದೆರಡು ಕಣ್ಣಿಗೆ ಬೀಳುತ್ತವೆ. ಅಪರೂಪವಾಗಿರುವುದು ಆ ಕಾಲದಲ್ಲೇ ರೇಸಿಗೆಂದು ತಯಾರು ಮಾಡಿದವು. ಅವುಗಳಲ್ಲಿ ಅರ್ಧ ಜಿಗಿದು ಜಿಗಿದು ಫ್ರೇಮ್ ಬಿಟ್ಟು ಗುಜರಿಗೆ ಹೋದವು. ಉಳಿದವನ್ನು, ಯೆಜ್ಡಿಗೆ ಬೆಲೆ ಬಂದ ಮೇಲೆ, ‘ರೀಸ್ಟೋರ್’ ಮಾಡುವವರು ಹಿಡಿದುಕೊಂಡರು. ಹೊಸ ಮಡ್‌ಗಾರ್ಡ್, ಪಳಪಳ ಹೊಳೆಯುವ ಕ್ರೋಮ್ ಸೈಲೆನ್ಸರ್, ಎರಡು ಕೋಟು ಮೆರೂನ್ ಪೇಂಟು. ಇದ್ದ ಒಂದು ರೇಸ್ ಬೈಕ್ ಸತ್ತು, ಸಾವಿರದ ಜೊತೆಗೆ ಇನ್ನೊಂದು ರೋಡ್‌ಕಿಂಗ್ ಹುಟ್ಟಿತು. ನನಗೆ ಇದರ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಇನ್ನೊಂದು ಜಾತಿಯ ಮಾರಾಟಗಾರರಿದ್ದಾರೆ. ರೋಡ್‌ಕಿಂಗ್ ಎಂದರೆ ಜೆಕೊಸ್ಲೊವಾಕಿಯಾದ ಸಿಝೆಡ್ ಮೋಟೋಕ್ರಾಸ್ ಬೈಕೇ, ಹೆಸರು ಮಾತ್ರ ಬೇರೆ ಎಂದು ಹೇಳಿ ಬೆಲೆ ಏರಿಸುತ್ತಾರೆ. ಸಿಝೆಡ್ ದೊಡ್ಡ ಹೆಸರು, ಸುಳ್ಳಲ್ಲ. ಬೆಲ್ಜಿಯಂನ ಜೋಯೆಲ್ ರೋಬೆರ್ 1964, 1968, 1969ರಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆದದ್ದು ಅದರ ಮೇಲೆ. ಪೂರ್ವ ಜರ್ಮನಿಯ ಪೌಲ್ ಫ್ರೀಡ್ರಿಕ್ಸ್ 1966ರಿಂದ ಸತತ ಮೂರು ವರ್ಷ 500 ಸಿಸಿ ಪಟ್ಟ ಗೆದ್ದದ್ದೂ ಅದರ ಮೇಲೇ. ಆದರೆ ಅಳತೆ ನೋಡಿ. ರೋಬೆರ್ ಕಾಲದ ಸಿಝೆಡ್ 250ರ ಬೋರ್ (ಸಿಲಿಂಡರಿನ ಅಗಲ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 64. ರೋಡ್‌ಕಿಂಗ್‌ನದು ಬೋರ್ 65, ಸ್ಟ್ರೋಕ್ 75. ಒಂದು ಕಿರುಚಿಕೊಂಡು ಏರಲು ಮಾಡಿದ ಎಂಜಿನ್, ಇನ್ನೊಂದು ಕೆಳಗಿನ ಆರ್‌ಪಿಎಂನಲ್ಲೇ ಎಳೆಯಲು ಮಾಡಿದ್ದು. ಜಾವಾ, ಸಿಝೆಡ್ ಎರಡರ ಮೂಲ ಒಂದೇ ದೇಶದ್ದಿರಬಹುದು, ಕಸುಬು ಬೇರೆ. ಆ ಕಥೆಗೆ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ.

ಎಲ್ಲಿ ಸಿಕ್ಕಿತು ಎಂದು ಕೇಳುವವರು ಬಹಳ. ಮೊಬೈಲ್‌ನ ಜಾಹೀರಾತಿನಲ್ಲಿ ಇಂಥವು ಬರುವ ಹೊತ್ತಿಗೆ ಮೆರೂನ್ ಪೇಂಟ್ ಆಗಿಹೋಗಿರುತ್ತದೆ. ಕೊಡಗಿನಲ್ಲಿ ವಿಚಾರಿಸಬೇಕಾದ್ದು ತೋಟದ ಲೆಕ್ಕ ನೋಡುವ ಎಸ್ಟೇಟ್ ರೈಟರ್‌ಗಳನ್ನು, ಇಲ್ಲವೇ ಕಾಫಿ, ಕರಿಮೆಣಸು ಖರೀದಿಗೆ ತೋಟದಿಂದ ತೋಟಕ್ಕೆ ಓಡಾಡುವವರನ್ನು. ಯಾವ ಗೋಡೌನಿನಲ್ಲಿ ಏನು ಬಿದ್ದಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಮನೆಯವರಿಗೂ ಗೊತ್ತಿರುವುದಿಲ್ಲ. ನನಗೆ ಸುಳಿವು ಕೊಟ್ಟದ್ದು ಒಬ್ಬ ಮೆಣಸಿನ ವ್ಯಾಪಾರಿ. ಸಿದ್ದಾಪುರದ ಆಚೆ ಒಂದು ತೋಟ, ಖಾಲಿ ಗೋಣಿಚೀಲದ ರಾಶಿಯ ಹಿಂದೆ ಹ್ಯಾಂಡಲ್ ಮಾತ್ರ ಕಾಣುತ್ತಿತ್ತು.

“ನಿಮ್ಮ ಅಂಕಲ್ ಹೋದ್ಮೇಲೆ ಯಾರೂ ಮುಟ್ಟಿಲ್ಲ,” ಎಂದರು ಮನೆಯೊಡತಿ. “ಗುಜರಿಯವನು ಕೇಜಿ ಲೆಕ್ಕದಲ್ಲಿ ಕೇಳ್ದ. ಕೊಡೋಕೆ ಮನಸ್ಸು ಬರ್ಲಿಲ್ಲ.”

“ಆಂಟಿ, ಆರ್‌ಸಿ ಏನಾದ್ರೂ ಇದ್ಯಾ?”

“ಟ್ರಂಕಲ್ಲಿ ನೋಡ್ಬೇಕಪ್ಪ, ತೋಟದ ಪಹಣಿ ಜೊತೆ ಎಲ್ಲೋ ಇರ್ಬೇಕು.”

ಇತ್ತು. ಅದರ ಜೊತೆಗೆ ಒಂದು ಕಪ್ಪು-ಬಿಳುಪು ಫೋಟೋ ಕೂಡ: ಗದ್ದೆಯ ಏರಿ, ಮುಂದಿನ ಚಕ್ರ ಗಾಳಿಯಲ್ಲಿ, ಹಿಂದೆ ಕೊಡೆ ಹಿಡಿದ ಜನ. ಗಾಡಿಗೆ ಕೊಟ್ಟದ್ದು 40,000 ರೂಪಾಯಿ. ಆ ಫೋಟೋದ ಒಂದು ಪ್ರತಿಯನ್ನೂ ಕೇಳಿ ಮಾಡಿಸಿಕೊಂಡೆ. ಹಳೇ ರೇಸ್ ಬೈಕಿಗೆ ಅದೇ ದೊಡ್ಡ ದಾಖಲೆ.

ನಿಜವಾಗಿ ಆ ಕಾಲದ ರೇಸ್ ಗಾಡಿಯೋ, ನಿನ್ನೆ ಮೊನ್ನೆ ಕತ್ತರಿಸಿದ್ದೋ ಎಂದು ತಿಳಿಯಲು ಪೇಂಟ್ ನೋಡಬೇಡಿ, ವೆಲ್ಡಿಂಗ್ ನೋಡಿ. ಹ್ಯಾಂಡಲ್ ಕೆಳಗೆ ಫ್ರೇಮ್ ಸೇರುವ ಜಾಗದಲ್ಲಿ ಬಲಕ್ಕೆಂದು ತ್ರಿಕೋನದ ತಗಡು ಕೂಡಿಸಿರುತ್ತಾರೆ. ನನ್ನದರಲ್ಲಿ ಆ ವೆಲ್ಡಿಂಗ್ ಮೇಲೆ ಪೇಂಟಿನ ಮೂರು ಪದರ, ಅದರ ನಡುನಡುವೆ ಕೆಂಪು ಮಣ್ಣು. ಫುಟ್‌ರೆಸ್ಟ್‌ಗೆ ಗರಗಸದ ಹಲ್ಲು ಕೊರೆದಿದ್ದಾರೆ, ಹಲ್ಲುಗಳು ಬೂಟಿಗೆ ಸವೆದು ಮೊಂಡಾಗಿವೆ. ಗೇರ್ ಆಯಿಲ್ ಬೋಲ್ಟಿನ ತಲೆಯಲ್ಲಿ ಸಣ್ಣ ತೂತು: ರೇಸಿನಲ್ಲಿ ಬೋಲ್ಟ್ ಸಡಿಲಾಗಿ ಬೀಳದಂತೆ ತಂತಿ ಬಿಗಿಯಲು. ಇಂಥ ತೂತನ್ನು ಸುಳ್ಳು ಮಾಡುವವನು ಕೊರೆಯುವುದಿಲ್ಲ, ಅವನಿಗೆ ಅದು ನೆನಪಿಗೇ ಬರುವುದಿಲ್ಲ.

ಓಡಿಸಲು ಹೇಗಿದೆ? ಒಣಗಿದ ಗದ್ದೆಯಲ್ಲಿ, ಕಾಫಿ ತೋಟದ ಒಳರಸ್ತೆಯಲ್ಲಿ ಅದ್ಭುತ. ಡಾಂಬರಿನ ಮೇಲೆ ಬಟನ್ ಟೈರು ಗುಂಯ್‌ಗುಡುತ್ತದೆ, ಬ್ರೇಕು ದೇವರಿಗೇ ಪ್ರೀತಿ. ಸ್ಟಾಕ್ ರೋಡ್‌ಕಿಂಗ್‌ಗೆ ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಇದರಲ್ಲಿ ಅವೆರಡರ ಬದಲಿಗೆ ಕೈಯಲ್ಲಿ ತಗಡು ಸುತ್ತಿ ಮಾಡಿದ ಎರಡು ಎಕ್ಸ್‌ಪಾನ್ಶನ್ ಚೇಂಬರ್ ಇವೆ. ನಡುವೆ ಉಬ್ಬಿ ತುದಿಗೆ ಕಿರಿದಾಗುವ ಆ ಆಕಾರ ಚೆಂದಕ್ಕಲ್ಲ. ಹೊರಗೆ ಹೋಗುವ ಹೊಗೆಯ ಒತ್ತಡದ ಅಲೆ ಕಿರಿದಾದ ತುದಿಗೆ ಬಡಿದು ವಾಪಸು ಬಂದು, ಸಿಲಿಂಡರಿನಿಂದ ತಪ್ಪಿಸಿಕೊಂಡು ಹೊರಟ ಹೊಸ ಪೆಟ್ರೋಲ್-ಗಾಳಿಯನ್ನು ಮತ್ತೆ ಒಳಕ್ಕೆ ತಳ್ಳುತ್ತದೆ. ಆರ್‌ಪಿಎಂ ಅದಕ್ಕೆ ಹೊಂದಿಕೊಂಡಾಗ ಮಾತ್ರ ಈ ಆಟ. ಹಾಗಾಗಿ ಅರ್ಧ ಥ್ರಾಟಲ್‌ವರೆಗೆ ಸಾಧುವಾಗಿರುವ ಗಾಡಿ ಆಮೇಲೆ ಒಮ್ಮೆಲೇ ಎದ್ದು ನಿಲ್ಲುತ್ತದೆ. ಗೊತ್ತಿಲ್ಲದವರ ಕೈಗೆ ಕೊಡುವುದಿಲ್ಲ.

ಯೆಜ್ಡಿಯ ಹಳೇ ಚಮತ್ಕಾರಗಳೂ ಇವೆ. ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡುತ್ತದೆ, ಎಡಗೈ ಹ್ಯಾಂಡಲ್ ಬಿಗಿಹಿಡಿಯಲು ಪೂರ್ತಿ ಸಿಗುತ್ತದೆ. ಜಿಗಿದು ಇಳಿಯುವಾಗ ಇದು ಎಷ್ಟು ಉಪಕಾರ ಎಂಬುದು ಓಡಿಸಿದವರಿಗೇ ಗೊತ್ತು. ಅದೇ ಲಿವರನ್ನು ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್. ಕೆಸರಿನಲ್ಲಿ ಗಾಡಿ ಆಫ್ ಆದಾಗ ಮಾತ್ರ ಆ ಜಾಣತನದ ಮೇಲೆ ಪ್ರೀತಿ ಉಳಿಯುವುದಿಲ್ಲ.

ಈಗ ಅಸಲು ವಿಷಯ, ಮಳೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಸುರಿಯುತ್ತದೆ. ನಮ್ಮ ಕಡೆ ಅಷ್ಟಿಲ್ಲ, ಆದರೂ ಜೂನ್‌ನಿಂದ ಬೀರುವಿನ ಬಟ್ಟೆಗೂ ಬೂಷ್ಟು. ಬೆಂಗಳೂರಿನ ಗೆಳೆಯರು ಹಳೇ ಗಾಡಿ ಎಂದರೆ ಬಿಡಿಭಾಗದ ಚಿಂತೆ ಹೇಳಿಕೊಳ್ಳುತ್ತಾರೆ. ಯೆಜ್ಡಿಗೆ ಅದು ಸಮಸ್ಯೆಯೇ ಅಲ್ಲ. ಮೈಸೂರಿನ ಹಳೇ ಮೆಕ್ಯಾನಿಕ್‌ಗಳ ಹತ್ತಿರ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪಿಸ್ಟನ್, ರಿಂಗ್, ಕ್ಲಚ್ ಪ್ಲೇಟ್ ಎಲ್ಲ ಸಿಗುತ್ತದೆ. ಕೊಡಗಿನಲ್ಲಿ ಗಾಡಿಯನ್ನು ಕೊಲ್ಲುವುದು ಗಾಳಿಯಲ್ಲಿರುವ ನೀರು.

ಟೂ ಸ್ಟ್ರೋಕ್‌ಗೆ ಇದರಿಂದ ಹೆಚ್ಚು ಪೆಟ್ಟು. ಫೋರ್ ಸ್ಟ್ರೋಕ್ ಎಂಜಿನ್ನಿನ ಕೆಳಗೆ ಆಯಿಲ್ ನಿಂತಿರುತ್ತದೆ. ಇದರ ಕ್ರ್ಯಾಂಕಿಗೆ, ಅಂದರೆ ಪಿಸ್ಟನ್ ತಿರುಗಿಸುವ ಕೆಳಗಿನ ದಂಡಕ್ಕೆ, ಪೆಟ್ರೋಲಿಗೆ ಬೆರೆಸಿದ ಟೂಟಿ (ಟೂ ಸ್ಟ್ರೋಕ್) ಆಯಿಲ್ ಬಿಟ್ಟರೆ ಬೇರೆ ಗತಿಯಿಲ್ಲ. ಓಡಿಸದೆ ನಿಲ್ಲಿಸಿದರೆ ಎಕ್ಸಾಸ್ಟ್ ಬಾಯಿಯಿಂದ ತೇವದ ಗಾಳಿ ಒಳಗೆ ಹೋಗಿ ಬೇರಿಂಗ್ ಗುಂಡುಗಳ ಮೇಲೆ ತುಕ್ಕಿನ ಚುಕ್ಕೆ ಎಬ್ಬಿಸುತ್ತದೆ. ಮೇಲಿಂದ ಗಾಡಿ ಚೆನ್ನಾಗಿಯೇ ಕಾಣುತ್ತಿರುತ್ತದೆ. ಬೇಸಿಗೆಯಲ್ಲಿ ಸ್ಟಾರ್ಟ್ ಮಾಡಿದಾಗ ಕೆಳಗಿನಿಂದ ಗರಗರ. ಆದ್ದರಿಂದ ಮುಂಗಾರಿಗೆ ಮೊದಲು ನಾನು ಪ್ಲಗ್ ಬಿಚ್ಚಿ ಒಳಗೆ ಟೂಟಿ ಆಯಿಲ್ ಬಿಟ್ಟು, ಕಿಕ್ಕರನ್ನು ಕೈಯಲ್ಲಿ ನಿಧಾನ ತಿರುಗಿಸಿ, ಪಿಸ್ಟನ್ ಎಕ್ಸಾಸ್ಟ್ ಪೋರ್ಟನ್ನು (ಹೊಗೆ ಹೊರಹೋಗುವ ಕಿಂಡಿಯನ್ನು) ಮುಚ್ಚಿ ನಿಲ್ಲುವ ಜಾಗದಲ್ಲಿ ಬಿಡುತ್ತೇನೆ. ಎರಡೂ ಎಕ್ಸಾಸ್ಟ್ ತುದಿಗೆ, ಕಾರ್ಬ್ಯುರೇಟರ್ ಬಾಯಿಗೆ ಎಣ್ಣೆ ಬಟ್ಟೆಯ ಬಿರಡೆ. ಇದರಿಂದ ಇನ್ನೊಂದು ಲಾಭವಿದೆ: ತೆರೆದ ತೂತು ಕಂಡರೆ ಕಣಜ ಬಂದು ಮಣ್ಣಿನ ಗೂಡು ಕಟ್ಟುತ್ತದೆ. ಅದರ ಮಣ್ಣು ಸಿಲಿಂಡರಿಗೆ ಹೋದರೆ ಕಥೆ ಮುಗಿಯಿತು.

ಪೆಟ್ರೋಲ್ ಇನ್ನೊಂದು ತಲೆನೋವು. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆಸಿದ್ದು. ಎಥನಾಲ್ ಗಾಳಿಯಿಂದ ನೀರು ಹೀರುತ್ತದೆ. ಹೆಚ್ಚಾದಾಗ ನೀರೂ ಎಥನಾಲೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ತಳದಲ್ಲೇ ಪೆಟ್ರೋಲ್ ಕಾಕ್ ಇರುವುದು, ಮೊದಲು ಎಂಜಿನ್ನಿಗೆ ಹೋಗುವುದೂ ಅದೇ. ಕಾರ್ಬ್ಯುರೇಟರ್ ಒಳಗೆ ಬಿಳಿ ಪುಡಿ ಕಟ್ಟಿದರೆ ಇದರದ್ದೇ ಕೆಲಸ ಎಂದುಕೊಳ್ಳಿ. ಹಾಗಾಗಿ ಮಳೆಗಾಲದಲ್ಲಿ ಟ್ಯಾಂಕ್ ತುಂಬಿಸಿಡಿ ಎಂಬ ಹಳೇ ಸಲಹೆ ನಮ್ಮೂರಿಗೆ ಆಗಿಬರುವುದಿಲ್ಲ. ನಾನು ಟ್ಯಾಂಕ್ ಖಾಲಿ ಮಾಡಿ, ಒಳಗೆ ಆಯಿಲ್ ಸುತ್ತಾಡಿಸಿ, ಕಾರ್ಬ್ಯುರೇಟರ್ ಬಟ್ಟಲೂ ಬರಿದು ಮಾಡಿ ಇಡುತ್ತೇನೆ. ನಗರದ ಒಂದು ವರ್ಕ್‌ಶಾಪಿನವರು ಟ್ಯಾಂಕಿನೊಳಗೆ ತುಕ್ಕು ತಡೆಯುವ ಕೋಟಿಂಗ್ ಹಾಕಿಕೊಟ್ಟಿದ್ದರು. ಎರಡನೇ ಮಳೆಗಾಲಕ್ಕೆ ಅದು ಸಿಪ್ಪೆ ಸಿಪ್ಪೆ ಎದ್ದು ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತು) ಮುಚ್ಚಿತು. ಕೆರೆದು ತೆಗೆಯಲು ಹಾಕಿಸಿದ್ದಕ್ಕಿಂತ ಹೆಚ್ಚು ಖರ್ಚು.

ಹೊರಗಿನ ಲೋಹಕ್ಕೆ ಉಪಾಯ ಮನೆಯಲ್ಲೇ ಇತ್ತು. ಕೊಡಗಿನ ಮನೆಗಳಲ್ಲಿ ಕೋವಿಯನ್ನು ತಲೆಮಾರುಗಟ್ಟಲೆ ತುಕ್ಕು ಹಿಡಿಯದಂತೆ ಕಾಪಾಡಿದ್ದಾರೆ, ಇದೇ ಮಳೆಯಲ್ಲಿ. ಅದೇ ಕೋವಿ ಎಣ್ಣೆ, ಅದೇ ಮೆತ್ತನೆ ಹತ್ತಿ ಬಟ್ಟೆ. ಪೇಂಟ್ ಎದ್ದುಹೋದ ಕಡೆ, ಸ್ಪೋಕುಗಳಿಗೆ, ಫೋರ್ಕ್ ಕಡ್ಡಿಗೆ ತೆಳ್ಳಗೆ ಒರೆಸಿದರೆ ಸಾಕು, ದಪ್ಪ ಬಳಿದರೆ ಧೂಳು ಹಿಡಿಯುತ್ತದೆ. ಪ್ಲಾಸ್ಟಿಕ್ ಹೊದಿಕೆ ಬೇಡವೇ ಬೇಡ, ಒಳಗೇ ಬೆವರಿ ತುಕ್ಕು ಹಿಡಿಯುತ್ತದೆ. ಬಚ್ಚಲೊಲೆಯ ಗೋಡೆಯ ಪಕ್ಕದ ಕೋಣೆಯಲ್ಲಿ, ಮರದ ಹಲಗೆಯ ಮೇಲೆ, ಹಳೇ ಹತ್ತಿ ಬೆಡ್‌ಶೀಟ್ ಹೊದಿಸಿ ನಿಲ್ಲಿಸುತ್ತೇನೆ. ನೀರು ಕಾಯಿಸುವ ಬಿಸಿಗೆ ಆ ಗೋಡೆ ಜೋರು ಮಳೆಯ ಕಕ್ಕಡ ತಿಂಗಳಲ್ಲೂ ಒಣಗಿರುತ್ತದೆ. ಸೆಪ್ಟೆಂಬರಿನಲ್ಲಿ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿ, ಕತ್ತಿ ಹೊರಬಂದಾಗ ಇದೂ ಹೊರಬರುತ್ತದೆ. ಕೋವಿಯ ನಳಿಕೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿದರೆ ನಮ್ಮ ಮಕ್ಕಳು ಎಕ್ಸಾಸ್ಟ್ ತುದಿಗೂ ಒಂದು ಸಿಕ್ಕಿಸುತ್ತಾರೆ. ಹಿರಿಯರು ಬೈಯುವುದು ಬಿಟ್ಟಿದ್ದಾರೆ.

ಪೇಂಟ್ ಮಾಡಿಸಿಲ್ಲ, ಮಾಡಿಸುವುದೂ ಇಲ್ಲ. ಟ್ಯಾಂಕಿನ ಎಡಬದಿಯ ತಗ್ಗು, ಕೈಯಲ್ಲಿ ಬರೆದ ರೇಸ್ ನಂಬರ್, ಇವು ಹೋದರೆ ನನ್ನ ಹತ್ತಿರ ಉಳಿಯುವುದು ಮಡ್‌ಗಾರ್ಡ್ ಇಲ್ಲದ ಯೆಜ್ಡಿ. ಬದಲಿಸಿದ್ದು ರಬ್ಬರು, ಬೇರಿಂಗು, ಸೀಲು, ಕೇಬಲ್, ಸೀಟಿನೊಳಗಿನ ಕೊಳೆತ ನಾರು. ತೆಗೆದ ಪ್ರತಿಯೊಂದು ಭಾಗವೂ ಚೀಟಿ ಅಂಟಿಸಿದ ಡಬ್ಬಿಯಲ್ಲಿದೆ.

ಕಾಗದಪತ್ರದ ಬಗ್ಗೆ ಒಂದು ಮಾತು. 2021ರ ವಿಂಟೇಜ್ ವಾಹನ ನಿಯಮ ತೋರಿಸಿ ‘ಇದಕ್ಕೆ ವಿಎ ನಂಬರ್ (ವಿಂಟೇಜ್ ಗಾಡಿಯ ನೋಂದಣಿ ಸಂಖ್ಯೆ) ಮಾಡಿಸಬಹುದು’ ಎನ್ನುವ ಮಾರಾಟಗಾರರಿದ್ದಾರೆ. ಆ ನಿಯಮಕ್ಕೆ ಗಾಡಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ದೊಡ್ಡ ಬದಲಾವಣೆ ಆಗಿರಬಾರದು. ಎಂಬತ್ತರ ರೋಡ್‌ಕಿಂಗ್‌ಗೆ ವಯಸ್ಸೂ ಸಾಲದು, ಕತ್ತರಿಸಿದ ಗಾಡಿಗೆ ರೂಪವೂ ಇಲ್ಲ. ನಾನು ಇದನ್ನು ರಸ್ತೆಗೆ ಇಳಿಸುವುದಿಲ್ಲ. ಪಿಕಪ್‌ನಲ್ಲಿ ಹೇರಿಕೊಂಡು ಹೋಗುತ್ತೇನೆ, ಸುಗ್ಗಿಯ ಹಬ್ಬ ಪುತ್ತರಿ ಕಳೆದು ಗದ್ದೆ ಒಣಗಿದ ಮೇಲೆ ಓಡಿಸುತ್ತೇನೆ, ಅಷ್ಟೆ. ತೋಟದಲ್ಲಿ ಆನೆ ಇದೆ ಎಂಬ ಸುದ್ದಿ ಬಂದ ದಿನ ಅದೂ ಇಲ್ಲ.

ಖರ್ಚು? ಮೊದಲ ವರ್ಷ ಕೊಂಡ ಬೆಲೆಯಷ್ಟೇ ಮತ್ತೆ ಸುರಿದೆ, ಹೆಚ್ಚಿನದು ಕ್ರ್ಯಾಂಕ್ ಕೆಲಸಕ್ಕೆ. ಆಮೇಲೆ ಆಯಿಲ್, ಪ್ಲಗ್, ಚೈನು, ದೊಡ್ಡದೇನಿಲ್ಲ. ಲೀಟರಿಗೆ 40 ಮಿ.ಲೀ. ಟೂಟಿ ಹಾಕುತ್ತೇನೆ, ಹೊಗೆ ಜಾಸ್ತಿ, ಇರಲಿ. ಐದರಲ್ಲಿ ನಾಲ್ಕು ಅಂಕ. ಒಂದು ಕಡಿತ ಬ್ರೇಕಿಗೆ.

ನೀವು ಇಂಥದ್ದೇ ಒಂದನ್ನು ನೋಡಲು ಹೊರಟಿದ್ದರೆ, ಸ್ಟಾರ್ಟ್ ಆಗುವ ಗಾಡಿಯಾದರೆ ಹತ್ತು ನಿಮಿಷ ಓಡಿಸಿ ಬಿಸಿ ಮಾಡಿಸಿ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ, ಗೇರ್ ಆಯಿಲ್ ಕಡಿಮೆಯಿದ್ದರೆ ಕ್ರ್ಯಾಂಕಿನ ಎಡಗಡೆ ಸೀಲ್ ಹೋಗಿದೆ, ಆಯಿಲನ್ನು ಎಂಜಿನ್ ಕುಡಿಯುತ್ತಿದೆ. ಅದು ಸಣ್ಣ ವಿಷಯ, ಬೆಲೆ ಇಳಿಸಿ ಕೊಳ್ಳಿ. ಥ್ರಾಟಲ್ ಬಿಟ್ಟರೂ ಆರ್‌ಪಿಎಂ ಇಳಿಯದೆ ಮೇಲೆಯೇ ತೂಗುತ್ತಿದ್ದರೆ ಬಲಗಡೆ ಸೀಲಿನಿಂದ ಗಾಳಿ ಎಳೆಯುತ್ತಿರಬಹುದು. ಮಿಶ್ರಣದಲ್ಲಿ ಗಾಳಿ ಹೆಚ್ಚಿ ಪೆಟ್ರೋಲೂ ಆಯಿಲೂ ಸಾಲದೆ ಪಿಸ್ಟನ್ ಸೀಜ್ ಆಗುತ್ತದೆ (ಬಿಸಿಗೆ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ), ಆಗಲೇ ಒಮ್ಮೆ ಆಗಿದ್ದರೂ ಇರಬಹುದು. ಅಲ್ಲೇ ಆಫ್ ಮಾಡಿಸಿ, ಸಿಲಿಂಡರ್ ಬಿಚ್ಚಿ ತೋರಿಸಲು ಒಪ್ಪಿದರೆ ಮಾತ್ರ ಮುಂದಿನ ಮಾತು ಆಡಿ.